ಅಕ್ಕನ ರಕ್ತದಲ್ಲಿ ಕಾಣೆಯಾದ ‘ಕೆ’

ಹೋದ ತಿಂಗಳು ಒಂದು ಬೆಳಿಗ್ಗೆ ನಮ್ಮ ಗಂಗಕ್ಕ ಹಲ್ಲುಜ್ಜಿ ಬಾಯಿ ಮುಕ್ಕಳಿಸಿದರೆ ನೀರಿಗಿಂತ ರಕ್ತವೇ ಜಾಸ್ತಿ ಬಿತ್ತು. ತಕ್ಷಣ ನನಗೆ ಫೋನ್ ಮಾಡಿ ಪಿಸುಗುಟ್ಟಿದಳು: “ತಮ್ಮಾ, ಹಲ್ಲಾಗಿಂದ ರಗತ ಬರಾಕತ್ತೈತಿ. ಯಾರ ಮುಂದೂ ಹೇಳಬ್ಯಾಡ. ಮತ್ತೊಂದ್ ಪಲ್ಲೆ ಬಂದ್ ಮಾಡ್ತಾರ.”

ಗಂಗಕ್ಕ ನನ್ನ ಒಡಹುಟ್ಟಿದ ಅಕ್ಕ. ಬನಹಟ್ಟಿಯಲ್ಲಿ ಮನೆ, ಮನೆಗೆ ಅಂಟಿಕೊಂಡೇ ಭಾವನ ಮಗ್ಗಗಳು. ಅವುಗಳ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ದನಿ ನಾಲ್ಕು ಓಣಿಗೆ ಕೇಳುವಷ್ಟು ದೊಡ್ಡದಾಗಿದೆ. ಅಂಥವಳು ಪಿಸುಗುಟ್ಟಿದರೆ ಹೆದರಬೇಕೋ ಬೇಡವೋ?

ರಕ್ತಕ್ಕೂ ಪಲ್ಲೆಗೂ ಏನು ಸಂಬಂಧ ಅಂತೀರಾ? ಹೇಳುತ್ತೇನೆ.

ವರ್ಷದ ಹಿಂದೆ ಅಕ್ಕನ ಕಿಡ್ನಿ ಅರ್ಧಕ್ಕಿಂತ ಕಡಿಮೆ ಕೆಲಸ ಮಾಡುತ್ತಿದೆ ಎಂದು ಗೊತ್ತಾಯಿತು. ಡಾಕ್ಟರು ಒಂದೇ ಒಂದು ಪುಟದ ಪಥ್ಯ ಬರೆದುಕೊಟ್ಟರು. ಇದು ಕಡಿಮೆ ತಿನ್ನಿ, ಅದನ್ನು ಕುದಿಸಿ ನೀರು ಚೆಲ್ಲಿ ತಿನ್ನಿ, ಅಷ್ಟೇ. ಒಂದು ಪುಟಕ್ಕೆ ನಿಲ್ಲಲು ನಾವೇನು ಅನಕ್ಷರಸ್ಥರೇ? ಮನೆಮಂದಿಯೆಲ್ಲ ಸೇರಿ ಒಂದು ವಾಟ್ಸ್ಯಾಪ್ ಗ್ರೂಪ್ ಮಾಡಿದೆವು. (ಅದರಲ್ಲಿ ಎಲ್ಲರೂ ಇದ್ದರು, ಗಂಗಕ್ಕನೊಬ್ಬಳನ್ನು ಬಿಟ್ಟು. ಅವಳ ಫೋನಿನಲ್ಲಿ ವಾಟ್ಸ್ಯಾಪ್ ಇಲ್ಲ.)

ಬೀಳಗಿಯಲ್ಲಿರುವ ಅಕ್ಕನ ಅಳಿಯ ಒಂದು ವಿಡಿಯೋ ಕಳಿಸಿದ: ಸೊಪ್ಪಿನಲ್ಲಿ ಪೊಟ್ಯಾಸಿಯಂ, ಮುಟ್ಟಿದರೆ ಹೃದಯ ಬಂದ್. ಮೆಂತ್ಯೆ, ರಾಜಗಿರಿ, ಸಬ್ಬಸಗಿ ಎಲ್ಲ ಹೋದವು. ಗಲಗಲಿಯ ಚಿಕ್ಕಮ್ಮ, ನಮ್ಮ ಕಾಕು, ವಾಯ್ಸ್ ಮೆಸೇಜ್ ಹಾಕಿದಳು: “ಬ್ಯಾಳಿ ತಿಂದ್ರ ಕಿಡ್ನಿ ಸುಡತೈತೆಂತ.” ಬೇಳೆ ಹೋಯಿತು. ಯಾರೋ ರೊಟ್ಟಿ ಗಟ್ಟಿ ಅಂದರು. ಗಟ್ಟಿಗೂ ಕಿಡ್ನಿಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ, ರೊಟ್ಟಿಯೂ ಹೋಯಿತು. ಇದನ್ನೆಲ್ಲ ಒಟ್ಟುಮಾಡಿ, ಕೆಂಪು ಪೆನ್ನಿನಲ್ಲಿ ದುಂಡಗೆ ಬರೆದು, ಅಕ್ಕನ ಅಡುಗೆಮನೆ ಬಾಗಿಲಿಗೆ ಅಂಟಿಸಿ ಬಂದ ಮಹಾನುಭಾವ ಯಾರು? ಬರೆಯುವುದೇ ಕಸುಬಾದ ನಾನು. ‘ತಿನ್ನಬಾರದ್ದು’ ಪುಟ ತುಂಬಿ ಹಿಂದಕ್ಕೆ ಹೊರಳಿತ್ತು. ‘ತಿನ್ನಬಹುದಾದದ್ದು’ ಎಂಬಲ್ಲಿ ಅಕ್ಕಿಗಂಜಿ ಒಂದೇ ಒಂಟಿಯಾಗಿ ಕೂತಿತ್ತು.

ಸಾಲದ್ದಕ್ಕೆ ಅದರ ಹಿಂದಿನ ತಿಂಗಳು ಅವಳಿಗೆ ಮೂತ್ರದ ಸೋಂಕಾಗಿ ಜ್ವರ ಬಂತು. ಹತ್ತು ದಿನ ಆ್ಯಂಟಿಬಯೋಟಿಕ್. ಜ್ವರ ಇಳಿಯಿತು, ಹಸಿವೂ ಇಳಿಯಿತು. ಅದಾದ ಮೇಲೆಯೇ ಈ ರಕ್ತ.

ನಾನಿರುವ ಜಮಖಂಡಿಯಿಂದ ಹೋಗಿ ನೋಡಿದರೆ ಬಳೆ ಒತ್ತಿದ ಕಡೆಯೆಲ್ಲ ಕೈ ನೀಲಿಗಟ್ಟಿತ್ತು. ಯಾರ ಮುಂದೂ ಹೇಳಬೇಡ ಅಂದಿದ್ದಳಲ್ಲ, ಹಾಗಾಗಿ ಮೊದಲು ಗ್ರೂಪಿಗೆ ಹೇಳಿದೆ. ‘ಫುಲ್ ಬಾಡಿ’ ಟೆಸ್ಟ್ ಮಾಡಿಸಿ ಅಂತ ತೀರ್ಪು ಬಂತು. ಮಾಡಿಸಿದೆವು. ಹಸಿರು, ಹಳದಿ, ಕೆಂಪು ಬಣ್ಣದ ದಪ್ಪ ರಿಪೋರ್ಟು. ಮದುವೆ ಕಾರ್ಡೂ ಅಷ್ಟು ಚೆಂದ ಇರುವುದಿಲ್ಲ. ವಿಟಮಿನ್ ಡಿ ಇತ್ತು, ಬಿ12 ಇತ್ತು. ಬಿ12 ತುಸು ಕಡಿಮೆ, ಅದಕ್ಕೇ ರಕ್ತ ಅಂದ ಅಳಿಯ. ಪ್ಲೇಟ್ಲೆಟ್ ಸರಿಯಾಗಿಯೇ ಇತ್ತು, ಆದರೂ ಪಪ್ಪಾಯಿ ಎಲೆ ರಸ ಕುಡಿಸಿ ಅಂದಳು ಕಾಕು. ‘ಹಲ್ಲಿನ ಡಾಕ್ಟರಿಗೆ ತೋರಿಸೋಣ’ ಅಂದದ್ದು ನಾನು. (ನಗಬೇಡಿ.)

ಮರುದಿನ ಮಧ್ಯಾಹ್ನ ಮೂಗಿನಿಂದ ಶುರುವಾದ ರಕ್ತ ನಿಲ್ಲಲೇ ಇಲ್ಲ. ಒಂದು ಟವೆಲ್ ತೊಯ್ದು ಎರಡನೆಯದು ಬಂತು. ನಾನು ಫೋನಿನಲ್ಲಿ ಟೈಪ್ ಮಾಡುತ್ತಿದ್ದೆ. ದಿನಕ್ಕೆ ಹತ್ತು ಮಾತಾಡದ ನಮ್ಮ ಭಾವ ಮಗ್ಗ ಬಂದ್ ಮಾಡಿ ಬಂದವರೇ ಅಂದರು: “ಸಾಕ್ ಮಾಡಪಾ ನಿಮ್ ಗ್ರೂಪು. ಗಾಡಿ ತಗಿ.”

ಮುಧೋಳದ ಕಿಡ್ನಿ ಡಾಕ್ಟರ್ ಹತ್ತಿರ ಹೋದೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾನು ಬಣ್ಣದ ರಿಪೋರ್ಟನ್ನು ಮುಂದಿಟ್ಟೆ. ಆಕೆ ಅಕ್ಕನ ಮೂಗು ಒತ್ತಿ ಹಿಡಿಯಲು ನರ್ಸಿಗೆ ಹೇಳಿ, ರಿಪೋರ್ಟನ್ನು ತಿರುವಿ ನೋಡಿ, ಬದಿಗಿಟ್ಟು ಕೇಳಿದರು: “ಅಮ್ಮಾರ, ನಿನ್ನಿ ಏನ್ ಊಟ ಮಾಡೀರಿ?”

ಅಕ್ಕ ನನ್ನ ಮುಖ ನೋಡಿದಳು. “ಗಂಜಿರಿ.”

“ಮೊನ್ನಿ?”

“ಗಂಜಿ.”

“ಮೆಂತ್ಯೆ, ರಾಜಗಿರಿ, ಇಂಥಾ ತಪ್ಪಲ ಪಲ್ಲೆ ತಿಂದು ಎಷ್ಟು ದಿನಾ ಆತು?”

“ವರ್ಷ ಆತ್ರೀ. ಸಂತ್ಯಾಗಿಂದ ತಂದು ಮಂದಿಗೆ ಬಡಸ್ತೇನಿ, ಅಷ್ಟ.”

ಡಾಕ್ಟರು ನನ್ನ ಕಡೆ ತಿರುಗಿದರು. ರಕ್ತ ಹೆಪ್ಪುಗಟ್ಟಲು ವಿಟಮಿನ್ ಕೆ ಬೇಕಂತೆ. ಅದು ಹೆಚ್ಚಾಗಿ ಸೊಪ್ಪಿನಿಂದ ಬರುತ್ತದೆ, ಒಂದಿಷ್ಟನ್ನು ಕರುಳಿನ ಸೂಕ್ಷ್ಮಜೀವಿಗಳು ತಯಾರಿಸುತ್ತವೆ. ಸೊಪ್ಪನ್ನು ನಾವು ನಿಲ್ಲಿಸಿದ್ದೆವು, ಸೂಕ್ಷ್ಮಜೀವಿಗಳನ್ನು ಆ್ಯಂಟಿಬಯೋಟಿಕ್ ಕೊಂದಿತ್ತು.

“ಹಂಗಾದ್ರ ಕೆ ಟೆಸ್ಟ್ ಮಾಡಿಸೂಣ್ರಿ” ಅಂದೆ. ಟೆಸ್ಟ್ ಅಂದರೆ ನನಗೆ ಇನ್ನೂ ಭಕ್ತಿ.

“ಮಾಡಿಸಬಹುದರಿ. ರಗತ ದೊಡ್ಡ ಊರಿಗೆ ಹೋಗಿ ರಿಪೋರ್ಟ್ ಬರೂತನಾ ಇವರ ಮೂಗು ಕಾಯೂದಿಲ್ಲ. ಬಂದ್ರೂ ಪೂರ್ತಿ ನಂಬಾಕ ಬರಂಗಿಲ್ಲ. ಮೊನ್ನಿ ಏನ್ ತಿಂದ್ರು, ರಗತದಾಗ ಕೊಬ್ಬು ಎಷ್ಟೈತಿ, ಅದರ ಮ್ಯಾಲೆ ಆ ನಂಬರ್ ಏರತೈತಿ, ಇಳೀತೈತಿ. ಕಿಡ್ನಿ ಕೆಟ್ಟವರಿಗೆ ಕೊಬ್ಬು ಬ್ಯಾರೆ ಹೆಚ್ಚಿರತೈತಿ. ನಂಬರ್ ಛಲೋ ಕಂಡ್ರೂ ಒಳಗ ಕೊರತಿ ಇರಬಹುದು.”

“ಮತ್ತ ಹೆಂಗ್ ತಿಳಕೊಳ್ಳೂದರಿ?”

“ಊಟ ಕೇಳೂದು. ರಗತ ಹೆಪ್ಪುಗಟ್ಟಾಕ ಎಷ್ಟು ಹೊತ್ತು ಹಿಡೀತೈತಿ ನೋಡೂದು. ಲಿವರ್ ಛಲೋ ಐತಿ, ರಗತ ತೆಳು ಮಾಡೂ ಗುಳಿಗಿ ಇಲ್ಲ. ಹೊತ್ತು ಹೆಚ್ಚು ಹಿಡದ್ರ ಕೆ ಕೊಟ್ಟು ನಾಳೆ ಮತ್ತ ನೋಡೂಣು. ಸರಿಹೋದ್ರ ಅದ ಉತ್ತರ.”

ನೋಡಿದರು. ಹಿಡಿಯಬೇಕಾದದ್ದಕ್ಕಿಂತ ಎರಡು ಪಟ್ಟು ಹೊತ್ತು ಹಿಡಿದಿತ್ತು. ಅಕ್ಕನನ್ನು ಮಲಗಿಸಿಕೊಂಡು ಕೆ ಇಂಜೆಕ್ಷನ್ ಕೊಟ್ಟರು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಅವಳ ಅರ್ಧ ಆರೋಗ್ಯವನ್ನು ಕಿಡ್ನಿ ತಿಂದಿತ್ತು. ಉಳಿದರ್ಧವನ್ನು ತಿಂದದ್ದು ನನ್ನ ದುಂಡು ಅಕ್ಷರ. ಒಂದು ವರ್ಷ ವಾರಕ್ಕೊಮ್ಮೆ ಅವಳ ಮನೆಗೆ ಹೋಗಿದ್ದೇನೆ. ಕಿಡ್ನಿಯ ಲೆಕ್ಕ ಹೇಳುವ ಕ್ರಿಯಾಟಿನಿನ್ ಎಷ್ಟು ಅಂತ ಪ್ರತಿ ಸಲ ಕೇಳಿದ್ದೇನೆ. ಉಂಡೆಯಾ ಅಂತ ಒಂದು ಸಲವೂ ಕೇಳಿಲ್ಲ. ಅವಳು ಗಂಜಿ ಕುಡಿಯುತ್ತಿದ್ದ ಮನೆಯಲ್ಲಿ ಅವಳೇ ಬಡಿಸಿದ ರೊಟ್ಟಿ, ಮೆಂತ್ಯೆ ಪಲ್ಲೆ ಉಂಡು ಬಂದಿದ್ದೇನೆ.

ಮರುದಿನ ರಕ್ತ ಹೆಪ್ಪುಗಟ್ಟುವ ಹೊತ್ತು ಹೆಚ್ಚುಕಡಿಮೆ ಸರಿಹೋಗಿತ್ತು. ಮೂಗಿನ ರಕ್ತ ನಿಂತಿತ್ತು, ಎರಡು ದಿನಕ್ಕೆ ಒಸಡಿನದೂ ನಿಂತಿತು. ಮನೆಗೆ ಕಳಿಸುವಾಗ ಡಾಕ್ಟರು ಹೇಳಿದರು: ವಾರಕ್ಕೆರಡು ಸಲ ಒಂದು ಹಿಡಿ ಸೊಪ್ಪು, ಬಹಳ ನೀರಿನಲ್ಲಿ ಕುದಿಸಿ ನೀರು ಚೆಲ್ಲಿ, ತುಸು ಎಣ್ಣೆ ಒಗ್ಗರಣೆ ಹಾಕಿ. ಪೊಟ್ಯಾಸಿಯಂ ಬಹುಪಾಲು ನೀರಿನ ಜೊತೆ ಹೋಗುತ್ತದೆ, ಕೆ ಸೊಪ್ಪಿನಲ್ಲೇ ಉಳಿಯುತ್ತದೆ.

ಆ ಸಂಜೆ ಭಾವನೇ ಕೂತು ಮೆಂತ್ಯೆ ಸೋಸಿದರು. ವರ್ಷದ ಮೇಲೆ ಅಕ್ಕ ರೊಟ್ಟಿ ಮುರಿದು ಮೊದಲ ತುತ್ತು ಬಾಯಿಗಿಟ್ಟಳು. ಕಣ್ಣೀರು ಬರುತ್ತದೇನೋ ಅಂತ ನಾನು ಸಿದ್ಧನಾಗಿ ಕೂತಿದ್ದೆ. “ಸಪ್ಪಗೈತಿ” ಅಂದಳು, ಮಗ್ಗದ ಸದ್ದಿನ ಮೇಲೆ, ನಾಲ್ಕು ಓಣಿಗೆ ಕೇಳುವ ಹಾಗೆ. ಆಮೇಲೆ ಪೂರ್ತಿ ತಿಂದಳು.

ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಸಂತೋಷ ತಡೆಯಲಾರದೆ ಸುದ್ದಿಯನ್ನು ಗ್ರೂಪಿಗೆ ಹಾಕಿದೆ. ಎರಡೇ ದಿನಕ್ಕೆ ರನ್ನ ಬೆಳಗಲಿ ಊರಿನ ಬೀಗರಿಂದ ಒಂದು ಚೀಲ ಮೆಂತ್ಯೆ, ರಾಜಗಿರಿ ಬಂತು. ಕಾಕು ದಿನಕ್ಕೆ ಮೂರು ಹೊತ್ತು ಸೊಪ್ಪಿನ ರಸ ಕುಡಿಸಲು ಅಪ್ಪಣೆ ಕೊಟ್ಟಳು. ಅಳಿಯ ಹೊಸ ವಿಡಿಯೋ ಕಳಿಸಿದ: ‘ಸೊಪ್ಪು, ಕಿಡ್ನಿಗೆ ಅಮೃತ’. ಡಾಕ್ಟರ್ ಹೇಳಿದ್ದು ಒಂದು ಹಿಡಿ ಎಂದು ನಾನು ಬರೆದೆ. ಅದನ್ನು ಯಾರೂ ಓದಲಿಲ್ಲ.

ಕಿಡ್ನಿಗೆ ಪಥ್ಯ ಹೇಳುವವರು ಊರಿಗೆ ನೂರು ಮಂದಿ ಇದ್ದಾರೆ. ನಮ್ಮಂಥ ಬಂಧುಗಳ ಬಾಯಿಗೆ ಪಥ್ಯ ಬರೆದುಕೊಡುವ ಡಾಕ್ಟರು ಎಲ್ಲಿ ಸಿಗುತ್ತಾರೆ?