ಕಾಗೆಗಾಗಿ ಕಾದ ಹದಿನೇಳು ಜನ

ಹತ್ತನೇ ದಿನ ಕಾಗೆ ಬರಲಿಲ್ಲ.

ಸಿದ್ದಾಪುರದಲ್ಲಿ ನನ್ನ ಅಕ್ಕನ ಮನೆಯ ಹಿತ್ತಲು. ತೀರಿಕೊಂಡ ಭಾವನ ಹೆಸರಿನಲ್ಲಿ ಪಿಂಡ ಇಟ್ಟು ಹದಿನೇಳು ಜನ ಆಕಾಶ ನೋಡುತ್ತ ನಿಂತಿದ್ದೆವು. (ಎಣಿಸಿದ್ದೆ. ಏನು ಮಾಡಬೇಕೆಂದು ತಿಳಿಯದಾಗ ನಾನು ಎಣಿಸುತ್ತೇನೆ.) ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂಬುದು ನಮ್ಮಲ್ಲಿನ ನಂಬಿಕೆ. ಹಾಗಾಗಿ ಒಬ್ಬೊಬ್ಬರೇ ಭರವಸೆ ಕೊಡತೊಡಗಿದರು.

"ಮಗಳ ಮದುವೆ ಯಂಗವು ಮಾಡ್ತ್ಯ, ಬಾ ಮಾರಾಯ."

"ನಿನ್ನ ವಾಚ್ ರಿಪೇರಿ ಅಂಗಡಿ ಮುಚ್ತ್ವಿಲ್ಲೆ, ಬಾ."

ಮುಕ್ಕಾಲು ಗಂಟೆ ಕಳೆದ ಮೇಲೆ ಒಂದು ಕಾಗೆ ಇಳಿದು ನಾಲ್ಕು ಅಗುಳು ಕುಕ್ಕಿತು. "ಉಂಡ್ತು!" ಎಂದು ಎಲ್ಲರೂ ಉಸಿರುಬಿಟ್ಟರು.

ಕೈ ತೊಳೆಯಲು ಕೊಟ್ಟಿಗೆಯ ಕಡೆ ತಿರುಗಿದೆ. ಅಲ್ಲಿ ಕಂಬದ ಬುಡದಲ್ಲಿ ದಾಸು ಮಲಗಿದ್ದ. ಭಾವನ ನಾಯಿ. ಎದುರಿಗೆ ಅಡಿಕೆ ಹಾಳೆಯಲ್ಲಿ ಹಾಕಿದ ಅನ್ನ, ಅದರ ಮೇಲೆ ಇರುವೆ ಸಾಲು. ಪಕ್ಕೆಲುಬು ಎಣಿಸಬಹುದಿತ್ತು. ಅದನ್ನು ಮಾತ್ರ ನಾನು ಎಣಿಸಲಿಲ್ಲ.

"ಇದು ಯಾವಾಗಿನ ಅನ್ನ?"

ಯಾರಿಗೂ ಗೊತ್ತಿಲ್ಲ. ಒಂದಿಷ್ಟು ಹಾಲು ನೆಕ್ಕಿದ್ದನ್ನು ಅಡುಗೆಯವರು ನೋಡಿದ್ದರಂತೆ. ಅಷ್ಟೇ.

ಕಟ್ಟಿದ್ದು ಯಾರು? ನಾನೇ. ಜನ ಬರುತ್ತಾರೆ, ಭಟ್ಟರು ಬರುತ್ತಾರೆ, ನಾಯಿ ಮೈಮೇಲೆ ಬಿದ್ದರೆ ಮೈಲಿಗೆ ಎಂದು ಮೊದಲ ದಿನವೇ ಹಿಂದೆ ಕಟ್ಟಿದ್ದೆ. ಭಾವ ಮುಂಬಾಗಿಲಿನಿಂದ ಹೋದರು. ದಾಸು ನೋಡಲಿಲ್ಲ. ಮರುದಿನ ಶುದ್ಧಿಗೆಂದು ಭಾವನ ಹಾಸಿಗೆ, ಅಂಗಿ ಎಲ್ಲ ತೊಳೆದೆವು. ದಾಸು ಮಲಗುತ್ತಿದ್ದ ಗೋಣಿಯನ್ನೂ. ಬಿಚ್ಚಿಬಿಟ್ಟಾಗ ಅವನು ಮನೆಯಿಡೀ ಮೂಸಿ, ಕೊನೆಗೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮಲಗಿದ. ಒಡೆಯ ಮೊದಲೇ ಹೋಗಿದ್ದರು. ಅವರ ವಾಸನೆಯನ್ನು ನಾವು ಕಳಿಸಿದ್ದೆವು.

ಪಶುವೈದ್ಯರು ಬಂದರು. ಹಾವೇರಿ ಕಡೆಯವರು. ಕಣ್ಣು, ಒಸಡು ನೋಡಿ ಕೇಳಿದರು: "ಜಡ್ಡೇನಿಲ್ರೀ ಇದಕ್ಕ. ಮನ್ಯಾಗ ಯಾರ್ ತೀರ್ಕೊಂಡಾರ?"

ಹೇಳಿದೆ.

"ಅವರ ಜೋಡಿ ದಿನಾ ಏನ್ ಮಾಡ್ತಿತ್ತು, ಅದನ್ನ ಮಾಡಸ್ರಿ. ಅದೇ ಟೈಮಿಗೆ."

ಭಾವ ಬೆಳಿಗ್ಗೆ ಒಂಬತ್ತಕ್ಕೆ ಪೇಟೆಯ ಅಂಗಡಿಗೆ ನಡೆದುಹೋಗುತ್ತಿದ್ದರು. ದಾಸು ಹಿಂದೆ. ದಿನವಿಡೀ ಟೇಬಲಿನ ಕೆಳಗೆ. ಸರಿ, ನಾನು ಕರೆದೊಯ್ಯಲು ಹೊರಟೆ. ಗೇಟಿನ ತನಕ ಬಂದು ಕುಳಿತುಬಿಟ್ಟ. ಮೂರು ದಿನವೂ ಅದೇ. ತಿರುಗಿ ಬಾಗಿಲಲ್ಲಿ ನಿಂತ ಅಕ್ಕನನ್ನು ನೋಡುತ್ತಿದ್ದ. ಗಂಡ ಸತ್ತ ಹೆಂಗಸು ವರ್ಷಾಂತಿಕ ಮುಗಿಯದೆ ಹೊರಗೆ ಕಾಲಿಡುವಂತಿಲ್ಲ ಎಂದು ಅವನಿಗೆ ಯಾರು ಹೇಳಬೇಕು?

ನಾಲ್ಕನೇ ದಿನ ಅಕ್ಕ ಚಪ್ಪಲಿ ಮೆಟ್ಟಿದಳು. ಪಕ್ಕದ ಮನೆಯ ಚಿಕ್ಕಮ್ಮ ಬೇಲಿಯಾಚೆಯಿಂದ ಕೂಗಿದರು.

"ಎಂತದೇ ತಂಗಿ, ವರ್ಷ ಕಳಿಯದ್ದೆ ಪ್ಯಾಟೆಗೆ ಹೊಂಟ್ಯ?"

"ಆನು ಎಲ್ಲೂ ಹೋಗ್ತ್ನಿಲ್ಲೆ ಚಿಕ್ಕಮ್ಮ. ದಾಸು ಹೋಗ್ತು. ಅದ್ರ ಹಿಂದೆ ಆನು ಹೋಗ್ತೆ."

ದಾಸು ಎದ್ದ.

ಅಂಗಡಿಯ ಬಾಗಿಲು ತೆಗೆದೆವು. (ಅದನ್ನು ಶುದ್ಧಿ ಮಾಡಲು ಮರೆತಿದ್ದೆವು, ಪುಣ್ಯ.) ಎಣ್ಣೆಯ ವಾಸನೆ, ಮೊಳೆಗೆ ನೇತುಹಾಕಿದ ಭಾವನ ಹಳೇ ಅಂಗಿ. ದಾಸು ಕುರ್ಚಿಯ ಕಾಲುಗಳನ್ನು ಒಂದೊಂದಾಗಿ ಮೂಸಿ, ಟೇಬಲಿನ ಕೆಳಗೆ ಹೋಗಿ, ದೊಡ್ಡದಾಗಿ ಉಸಿರುಬಿಟ್ಟು ಮಲಗಿದ. ಅಕ್ಕ ಆ ಕುರ್ಚಿಯಲ್ಲಿ ಕುಳಿತಳು.

ಎದುರಿನ ಹೋಟೆಲಿನಿಂದ ಒಂದು ಬನ್ ತಂದೆ. ಮೂಗಿನ ಹತ್ತಿರ ಹಿಡಿದರೂ ದಾಸು ಮುಖ ತಿರುಗಿಸಿದ. ಅಕ್ಕ ಬನ್ ಮುರಿದು, ಅರ್ಧ ತಾನು ತಿಂದಳು. ನಿಧಾನ, ಅಳುತ್ತ. ಆಗ ಹೊಳೆಯಿತು: ಇಷ್ಟು ದಿನ ಅವಳು ಹೊಟ್ಟೆತುಂಬ ಉಂಡದ್ದನ್ನೂ ನಾನು ನೋಡಿರಲಿಲ್ಲ. ಉಳಿದರ್ಧವನ್ನು ಅವಳು ಕೆಳಗೆ ಹಿಡಿದಳು. ದಾಸು ತಿಂದ.

ಇದಾಗಿ ಮೂರು ತಿಂಗಳು. ಕಳೆದ ವಾರ ನಾನಿರುವ ಯಲ್ಲಾಪುರದಿಂದ ಹೋದಾಗ ಅಕ್ಕ ಯಾರದೋ ವಾಚಿಗೆ ಸೆಲ್ ಹಾಕುತ್ತಿದ್ದಳು. (ಬೆಲ್ಟ್ ಹಾಕುವುದೂ ಬರುತ್ತದೆ. ಮಿಕ್ಕಿದ್ದು ಕಲಿಯುತ್ತಿದ್ದಾಳೆ.) "ದಾಸು ದಪ್ಪಗಾಯ್ದ" ಎಂದೆ.

"ಅದ್ಕೂ ಹೊಟ್ಟೆ ಬೈಂದು, ನಿಂಗೂ ಬೈಂದು ತಮಾ" ಎಂದು ನನ್ನ ಹೊಟ್ಟೆ ತೋರಿಸಿ ನಕ್ಕಳು.

ಹೊರಗೆ ಯಾರದೋ ಹೆಜ್ಜೆ ಕೇಳಿ ದಾಸು ಕಿವಿ ನೆಟ್ಟಗೆ ಮಾಡಿದ. ಆ ಕಾಯುವ ಅಭ್ಯಾಸ ಇನ್ನೂ ಹೋಗಿಲ್ಲ. ಆದರೆ ಮತ್ತೆ ಮಲಗಿದ, ಅಕ್ಕನ ಪಾದದ ಮೇಲೆ ತಲೆಯಿಟ್ಟು.

ಈಗ ಸಾವಿನ ಮನೆಗೆ ಹೋದರೆ ಮೊದಲು ಹಿತ್ತಲಿಗೆ ಹೋಗುತ್ತೇನೆ. ಕಾಗೆ ಉಂಡಿತೇ ಎಂದು ನೋಡಲು ಹದಿನೇಳು ಜನ ಇದ್ದೇ ಇರುತ್ತಾರೆ. ಕಂಬಕ್ಕೆ ಕಟ್ಟಿಸಿಕೊಂಡವನು ಉಂಡನೇ ಎಂದು ನೋಡಲು ನಿಮ್ಮಲ್ಲಿ ಯಾರಿದ್ದೀರಿ?