ನರ್ಸಮ್ಮನ ಮೇಜಿನ ಮೇಲಿನ ತೊಂಬತ್ತೇಳು

ಆಗ ನನಗೆ ಎಪ್ಪತ್ತೊಂದು. ಇದೆಲ್ಲ ಆಗಿ ಎರಡು ವರ್ಷವಾಯಿತು. ನನ್ನ ತಂಗಿ ಒಂದು ಟಿವಿಯಲ್ಲಿ ಚೆನ್ನಾಗಿದ್ದಳು, ಇನ್ನೊಂದು ಟಿವಿಯಲ್ಲಿ ಸಾಯುತ್ತಿದ್ದಳು.

ತಮಾಷೆಯಲ್ಲ. ತಂಗಿ ನೀಲವ್ವನಿಗೆ ನ್ಯುಮೋನಿಯಾ. ಚಿಗಟೇರಿಯಿಂದ ಕರೆತಂದು ಕೊಟ್ಟೂರಿನ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದ್ದೆವು. ಬೆರಳಿಗೆ ಕ್ಲಿಪ್ಪು, ಮಂಚದ ಪಕ್ಕ ಮಾನಿಟರೆಂಬ ಸಣ್ಣ ಟಿವಿ. ಅದರಲ್ಲಿ ಬರುವ ಆಕ್ಸಿಜನ್ ನಂಬರು ಗೋಡೆಗೆ ಹೊಡೆದ ಒಂದು ಡಬ್ಬಿಗೆ ಹೋಗಿ, ಅಲ್ಲಿಂದ ನರ್ಸಮ್ಮನ ಮೇಜಿನ ಟಿವಿಗೆ ಹೋಗುತ್ತದೆ. ನರ್ಸಮ್ಮ ಕೂತಲ್ಲೇ ವಾರ್ಡಿನ ಎಲ್ಲರ ಉಸಿರು ನೋಡುತ್ತಾಳೆ. ಅನುಕೂಲ. (ಕೂತಲ್ಲೇ ನೋಡಿದರೆ ಒಲೆ ಮೇಲಿನ ಹಾಲೂ ಉಕ್ಕುತ್ತದೆ, ಅದು ಬೇರೆ ಮಾತು.)

ನನಗೆ ಓದು ಅಷ್ಟಕ್ಕಷ್ಟೇ, ನಂಬರು ಮಾತ್ರ ಬರುತ್ತದೆ. ಡಾಕ್ಟರು ಹೇಳಿದ್ದರು: ತೊಂಬತ್ತರ ಮೇಲಿದ್ದರೆ ಸರಿ, ಕೆಳಗೆ ಬಂದರೆ ಕೂಗಿರಿ.

ಬೆಳಿಗ್ಗೆ ತಿಂಡಿ ಹೊತ್ತು. ಮಂಚದ ಪಕ್ಕದ ಮಾನಿಟರಿನಲ್ಲಿ ಎಂಬತ್ತಮೂರು! ಅದು ಬಡಕೊಳ್ಳಬೇಕಿತ್ತು. ಕಿರಿಕಿರಿ ಎಂದು ಯಾರೋ ಅದರ ಸೌಂಡು ಬಂದ್ ಮಾಡಿದ್ದರು. ಮೇಜಿಗೆ ಓಡಿದೆ.

“ಯವ್ವಾ, ಲಗೂ ಬಾರವ್ವ. ನನ್ನ ತಂಗೀದು ಇಳಿಯಾಕ ಹತ್ತೈತಿ.”

ನರ್ಸಮ್ಮ ಕೆಟ್ಟವಳಲ್ಲ. ಟಿವಿ ನನ್ನ ಕಡೆ ತಿರುಗಿಸಿದಳು. “ನೋಡ್ರಿ ಅಜ್ಜಿ, ತೊಂಬತ್ತೇಳು ಐತಿ. ನಿಮಗಿಂತ ಆರಾಮ ಅದಾಳ. ಅಲ್ಲಿ ಕ್ಲಿಪ್ಪು ಸಡ್ಲ ಆಗಿರ್ತೈತಿ, ಹೋಗಿ ಕುಂದರ್ರಿ.”

ತೊಂಬತ್ತೇಳು. ಹಸಿರು ಬಣ್ಣದಲ್ಲಿ. ಒಂದು ಗಳಿಗೆ ನಾನೂ ನಂಬಿದೆ. ಯಾರು ನಂಬುವುದಿಲ್ಲ, ನೀವೇ ಹೇಳಿ?

ವಾಪಸ್ ಬಂದೆ. ನೀಲವ್ವನ ತುಟಿ ನೇರಳೆ ಹಣ್ಣು ತಿಂದವರ ಹಾಗಾಗಿತ್ತು. ಕೂಗಿದರೆ ಕಣ್ಣು ಬಿಡಲಿಲ್ಲ. ಮತ್ತೆ ಓಡಿ ಹೋಗಿ ನರ್ಸಮ್ಮನ ರಟ್ಟೆ ಹಿಡಿದು ಎಳೆದೆ.

“ನನ್ನ ತಂಗಿ ಟೀವ್ಯಾಗ ಅದಾಳೋ, ಮಂಚದ ಮ್ಯಾಲ ಅದಾಳೋ? ಎದ್ದು ಬಾ!”

ಬಂದಳು. ನೋಡಿದಳು. ಆಮೇಲೆ ಅವಳು ಓಡಿದ ಓಟ! ಆಕ್ಸಿಜನ್ನು, ಡಾಕ್ಟರು, ಇಂಜೆಕ್ಷನ್ನು. ಕೊನೆಗೂ ನೀಲವ್ವ ಕಣ್ಣು ಬಿಟ್ಟಳು. ಮೇಜಿನ ಟಿವಿಯಲ್ಲಿ ಆಗಲೂ ತೊಂಬತ್ತೇಳೇ.

ಮಧ್ಯಾಹ್ನ ಡಬ್ಬಿ ಮಾಡಿದ ಕಂಪನಿಯಿಂದ ಒಬ್ಬ ಹುಡುಗಿ ಬಂದಳು. ಹೆಸರು ವೀಣಾ, ಹಿರೇಹಡಗಲಿಯವಳು. ಡಬ್ಬಿಯೊಳಗಿನ ಪ್ರೋಗ್ರಾಂ ಬರೆದವರಲ್ಲಿ ಅವಳೂ ಒಬ್ಬಳಂತೆ. ಲ್ಯಾಪ್‌ಟಾಪು ಸಿಕ್ಕಿಸಿ ನೋಡಿದಳು. ನೋಡುತ್ತ ನೋಡುತ್ತ ಮುಖ ಸಣ್ಣದಾಯಿತು.

“ಏನಾಗೈತವ್ವ?”

“ಅಜ್ಜಿ, ನೀವು ಓಣ್ಯಾಗ ಬಟ್ಟಲದಾಗ ಏನರ ಕೊಟ್ಟು ಕಳಸ್ತೀರಲ್ಲ, ಬಟ್ಟಲ ಹೋಗಿದ್ದು ಹೆಂಗ ನೆನಪಿಡ್ತೀರಿ?”

“ಖಾಲಿ ಬಟ್ಟಲ ತಿರುಗಿ ಕೊಡಬಾರದಂತ ಅವರು ದಿನಗಟ್ಟಲೆ ಇಟ್ಕೊಂಡಿರ್ತಾರ. ಅದಕ್ಕ ಗ್ವಾಡಿ ಮ್ಯಾಲ ಇದ್ದಲಿ ಗೀಟು ಎಳೀತೀನಿ. ಬಟ್ಟಲ ಬಂತಂದ್ರ ಅಳಸ್ತೀನಿ.”

“ಡಬ್ಬಿನೂ ಹಂಗ ರೀ. ನಂಬರು ಬಟ್ಟಲದಾಗ ಹೋಗ್ತಾವು. ಬಫರ್ ಅಂತೀವಿ. ಹೋದ್ರ ಒಂದು ಗೀಟು, ಬಂದ್ರ ಅಳಸೋದು. ಗ್ವಾಡಿ ತುಂಬ ಗೀಟಾತಂದ್ರ, ಬಟ್ಟಲ ಎಲ್ಲಾ ಹೊರಗ ಅದಾವು ಅಂತ ಕಳಸೋದು ನಿಲ್ಲಿಸಿ ಕಾಯ್ಕೊಂತ ಕುಂದರ್ತೈತಿ.”

“ಮತ್ತ ಬಟ್ಟಲ ಯಾಕ ಬರಲಿಲ್ಲ?”

“ಬಂದಾವು ಅಜ್ಜಿ. ಎಲ್ಲಾ ಒಳಗ ಅದಾವು. ಗೀಟು ಅಳಸಿಲ್ಲ.”

ಯಾಕೆ ಅಳಿಸಿಲ್ಲ? ವಾರ್ಡಿನಲ್ಲಿ ಕೈಗೆಟಕುವ ಪ್ಲಗ್ಗು ಒಂದೇ. ಅಲ್ಲಿಂದಲೇ ಡಬ್ಬಿಗೂ ಟಿವಿಗೂ ನಡುವಿನ ಲೈನಿಗೆ ಕರೆಂಟು. ಪೇಷಂಟ್ ಕಡೆಯವರು ಅದನ್ನು ಕಿತ್ತು ಫೋನ್ ಚಾರ್ಜಿಗೆ ಹಾಕುತ್ತಾರೆ, ಗಂಜಿಗೆ ನೀರು ಕಾಯಿಸುತ್ತಾರೆ, ಮತ್ತೆ ಮರ್ಯಾದೆಯಿಂದ ಸಿಕ್ಕಿಸುತ್ತಾರೆ. ಕಿತ್ತಾಗಲೆಲ್ಲ ಹೊರಟ ಬಟ್ಟಲುಗಳು ದಾರಿ ಕಾಣದೆ ವಾಪಸ್ ಒಳಗೆ ಬರುತ್ತವೆ. ಹಾಗೆ ಬಂದವುಗಳ ಗೀಟು ಅಳಿಸುವುದನ್ನು ಮಾತ್ರ ಪ್ರೋಗ್ರಾಮಿನಲ್ಲಿ ಬರೆದಿರಲಿಲ್ಲ. ಕಂಪನಿಯಲ್ಲಿ ಟೆಸ್ಟ್ ಮಾಡುವಾಗ ಯಾರು ಗಂಜಿ ಕಾಯಿಸುತ್ತಾರೆ? ಹೊಸ ನಂಬರು ಬರದಿದ್ದಾಗ ಟಿವಿ ಹಳೆಯದನ್ನೇ ತೋರಿಸುತ್ತ ಕೂತಿತ್ತು.

ಕೆಟ್ಟು ನಿಂತ ಮಿಷಿನ್ನಿಗೆ ನಾನು ಹೆದರುವವಳಲ್ಲ. ಮೋಟಾರು ಸುಟ್ಟರೆ ವಾಸನೆ ಬರುತ್ತದೆ. ಬಸ್ಸು ಕೆಟ್ಟರೆ ಇಳಿದು ಬೈಯುತ್ತೇವೆ. ಇದು ಹಾಗಲ್ಲ. ಒಳಗೆ ನಿಂತುಹೋಗಿದೆ, ಹೊರಗೆ ಹಸಿರಾಗಿದೆ. ಅವತ್ತಿನಿಂದ ಯಾರಾದರೂ ಫೋನಿನಲ್ಲಿ ‘ಆರಾಮ ಅದೀನಿ’ ಅಂದರೂ ನನಗೆ ಎದೆ ಝಲ್ಲೆನ್ನುತ್ತದೆ. ಅದು ಇವತ್ತಿನ ಮಾತೋ, ಯಾವತ್ತಿನದೋ?

ಸಂಜೆಗೆ ವೀಣಾ ಪ್ರೋಗ್ರಾಂ ತಿದ್ದಿದಳು. ಪ್ಲಗ್ಗು ಕಿತ್ತಳು, ಹಾಕಿದಳು, ಮತ್ತೆ ಕಿತ್ತಳು, ಹಾಕಿದಳು. ನಂಬರು ಓಡುತ್ತಲೇ ಇತ್ತು. ವಾರ್ಡಿನವರೆಲ್ಲ ಉಸ್ಸೆಂದರು. ನನಗೆ ಉಸ್ಸೆನ್ನಲಾಗಲಿಲ್ಲ.

“ಈ ಡಬ್ಬಿ ಮತ್ತೆಲ್ಲಿ ಐತಿ?”

“ನಮ್ಮ ತಾಲೂಕು ಹಡಗಲಿಯೊಳಗ ಒಂದು ನರ್ಸಿಂಗ್ ಹೋಮಿನಾಗ ಐತ್ರಿ.”

“ಅವರಿಗೆ ಹೇಳೀಯೇನು?”

“ಫೋನ್ ಮಾಡಿದ್ನಿ ಅಜ್ಜಿ.” ಹುಡುಗಿಯ ದನಿ ಅಲ್ಲಿಗೇ ಇಳಿಯಿತು. “ಟಿವಿ ನೋಡಿ ಹೇಳಿದ್ರು, ‘ನಮ್ದು ಸರಿ ಐತ್ರಿ ಮೇಡಂ, ಎಲ್ಲಾರೂ ತೊಂಬತ್ತರ ಮ್ಯಾಲ ಅದಾರ’ ಅಂತ.”

“ಅಯ್ಯ ನಿನ್ನ! ಹೋಗಿ ಸರಿ ಮಾಡು ಮತ್ತ.”

“ಈಗ ಹೋಗ್ತೀನಂತ ಮತ್ತ ಮತ್ತ ಕೇಳಿದೆ ರೀ. ಕಂಪನಿಯವರು ಸೋಮವಾರ ಕಳಸ್ತೀವಿ ಅಂತಾರ.”

ಅವತ್ತು ಶುಕ್ರವಾರ.

ಮರುದಿನ ಬೆಳಿಗ್ಗೆ ನೀಲವ್ವನ ಪಕ್ಕ ಅವಳ ಸೊಸೆಯನ್ನು ಕೂರಿಸಿ, ಮೊದಲ ಬಸ್ಸಿಗೆ ಹಡಗಲಿಗೆ ಹೋದೆ. ನರ್ಸಿಂಗ್ ಹೋಮಿನ ಗೇಟಿನಲ್ಲಿ ವಾಚ್‌ಮನ್ ಕೈ ಅಡ್ಡ ಹಿಡಿದ.

“ಪೇಷಂಟ್ ಯಾರಜ್ಜಿ? ನಿಮಗೇನಾಗ್ಬೇಕು?”

“ಯಾರಂತ ನನಗೂ ಗೊತ್ತಿಲ್ಲಪ್ಪ. ಲಗೂ ಒಳಗ ಬಿಡು.”