ಬ್ಲೈಂಡ್ಸ್ ಸಂದಿಯಿಂದ ಕಂಡ ಕವಿ

ಹೊಸ ಶತಮಾನದ ಮೊದಲ ವರ್ಷಗಳವು. ಗ್ಲೆನ್ ವೇವರ್ಲಿಯ ನಮ್ಮ ಪಕ್ಕದ ಮನೆಯಲ್ಲಿ ಡಚ್ ಮುದುಕರೊಬ್ಬರಿದ್ದರು. ಹರೆಯದಲ್ಲಿ ಹಡಗು ಹತ್ತಿ ಈ ದೇಶಕ್ಕೆ ಬಂದವರು. ಬಡಗಿ ಕೆಲಸ ಮಾಡುತ್ತಲೇ ತಮ್ಮ ಭಾಷೆಯಲ್ಲಿ ಪದ್ಯ ಬರೆದರು, ನಾಟಕ ಬರೆದರು. ಅವನ್ನು ಆಡುತ್ತಿದ್ದ ಗೆಳೆಯರೆಲ್ಲ ಒಬ್ಬೊಬ್ಬರಾಗಿ ತೀರಿಕೊಂಡು, ಈಗ ಹಸ್ತಪ್ರತಿಗಳು ಮಾತ್ರ ಉಳಿದಿದ್ದವು.

ಇಷ್ಟೇ ಆಗಿದ್ದರೆ ಪಾಪ ಅಂದುಕೊಂಡು ಸುಮ್ಮನಿರುತ್ತಿದ್ದೆ. ಆದರೆ ಹತ್ತು ವರ್ಷದ ನನ್ನ ಮಗಳು ಶಾಲೆಯಿಂದ ಬಂದವಳೇ ಅವರ ಹಿತ್ತಲಿಗೆ ಓಡುತ್ತಿದ್ದಳು. ಅವರ ಪದ್ಯಗಳು ಅವಳಿಗೆ ಬಾಯಿಪಾಠ. ಅವರ ನಾಟಕದಲ್ಲಿ ಅವಳೇ ರಾಣಿ, ನಿಂಬೆಗಿಡದ ಕೆಳಗೆ ದರ್ಬಾರು.

ನಾನೂ ನಾಟಕ ಬರೆಯುವವನೇ. ಸಿಡ್ನಿಯ ಟೂಂಗಾಬಿಯಲ್ಲಿ ಕನ್ನಡದವರು ನನ್ನದೊಂದನ್ನು ಆಡಿದಾಗ, ದಿನವಿಡೀ ಕಾರು ಓಡಿಸಿ ಅವಳನ್ನು ಕರೆದೊಯ್ದಿದ್ದೆ. ಮೊದಲ ಸಾಲಿನಲ್ಲೇ ನಿದ್ದೆ ಹೋದಳು. ಮನೆಯಲ್ಲೂ ಅಷ್ಟೇ, ನಾನು ಕನ್ನಡದಲ್ಲಿ ಕೇಳಿದರೆ ಉತ್ತರ ಇಂಗ್ಲಿಷಿನಲ್ಲಿ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನನ್ನ ಮಗಳಿಗೆ ಪಕ್ಕದ ಮನೆ ಹಿತ್ತಲಿನದು ಮಾತ್ರ ಮದ್ದು.

ಅಡುಗೆಮನೆ ಕಿಟಕಿಯ ಬ್ಲೈಂಡ್ಸ್ ಪಟ್ಟಿಗಳನ್ನು ಎರಡು ಬೆರಳಲ್ಲಿ ಅಗಲಿಸಿ ನೋಡುತ್ತಿದ್ದೆ. ಆ ಭಾಷೆಯನ್ನು ಅವಳು ಗಂಟಲಿನಿಂದ ಎಳೆದು ಎಳೆದು ಆಡುವಾಗ ನನ್ನ ಹೊಟ್ಟೆ ಉರಿಯುತ್ತಿತ್ತು. ನನ್ನ 'ಳ'ಕಾರಕ್ಕೆ ಹೊರಳದ ನಾಲಿಗೆ!

"ಇಷ್ಟೊಂದು ಹೊಟ್ಟೆಕಿಚ್ಚು ಒಳ್ಳೇದಲ್ಲ ಕಣ್ರೀ," ಎಂದಳು ಹೆಂಡತಿ. ಮಗಳೂ ಅಲ್ಲೇ ಇದ್ದಳು.

ಮರುದಿನ ಸಂಜೆ ನಾನು ಅದೇ ಕಿಟಕಿಯ ಬಳಿ ನಿಂತಿದ್ದಾಗ ಮಗಳು ಹಿಂದಿನಿಂದ ಬಂದಳು.

"ಅಪ್ಪ, ಈ ಬ್ಲೈಂಡ್ಸ್‌ಗೆ ಅವರ ಲ್ಯಾಂಗ್ವೇಜಲ್ಲಿ ಜಾಲೂಜಿ ಅಂತಾರೆ. ಹೊಟ್ಟೆಕಿಚ್ಚಿಗೂ ಅದೇ ವರ್ಡು."

ನಾನು ಪಟ್ಟಿ ಬಿಟ್ಟೆ. ಮುದುಕರು ನಮ್ಮ ಪದ ಯಾವುದೆಂದು ಕೇಳಿದರಂತೆ. ಇವಳು ಹೇಳಿ, ಬಿಡಿಸಿ ಅರ್ಥವನ್ನೂ ತಿಳಿಸಿದಳಂತೆ. ನಿಮ್ಮದೇ ಒಳ್ಳೆಯ ಪದ, ನಮ್ಮದರಲ್ಲಿ ಬೆಂಕಿಯೇ ಇಲ್ಲ ಎಂದು ಅವರು ಅದನ್ನು ಬರೆದುಕೊಂಡರಂತೆ. ಇದನ್ನೆಲ್ಲ ಅವಳು ಹೇಳಿದ್ದು ಕನ್ನಡದಲ್ಲಿ ಎಂಬುದು ನನಗೆ ತಡವಾಗಿ ಹೊಳೆಯಿತು.

"ಅವರ ಮೊಮ್ಮಕ್ಕಳಿಗೆ ಡಚ್ ಒಂಚೂರೂ ಬರಲ್ವಂತೆ," ಎಂದಳು. "ನೀನು ಇಲ್ಲಿಂದ ನೋಡ್ತೀಯ ಅಂತ ಅವರಿಗೆ ಗೊತ್ತು. ನಿಮ್ಮಪ್ಪ ಕನ್ನಡದಲ್ಲಿ ಕೂಗಿದ್ರೆ ನಿಂಗೆ ಅರ್ಥ ಆಗತ್ತಲ್ಲ, ಅದಕ್ಕೆ ನಂಗೂ ಹೊಟ್ಟೆಕಿಚ್ಚು ಅಂದ್ರು. ನಾನು ಕರೆಕ್ಟಾಗಿ ಹೇಳಿದ್ನಾ?"

"ಯೆಸ್," ಎಂದೆ, ಇಂಗ್ಲಿಷಿನಲ್ಲಿ.